ಕುರಿಯೂ ಇಲ್ಲ, ನೇಗಿಲೂ ಇಲ್ಲ, ಹಾಡು ಮಾತ್ರ ಇದೆ: ಇಂಗ್ಲೆಂಡ್‌ನ ಕಾಪರ್ ಮನೆತನದ ಗುಟ್ಟೇನು?

ನಮಸ್ಕಾರ. ಇಂಗ್ಲೆಂಡ್‌ನಲ್ಲಿರುವ ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅಲ್ಲಿ ಒಂದು ಜಾನಪದ ಕಾರ್ಯಕ್ರಮಕ್ಕೆ ಹೋಗಿದ್ದರಂತೆ. ಗಿಟಾರ್ ಇಲ್ಲ, ಡ್ರಮ್ ಇಲ್ಲ. ಒಂದೇ ಮನೆಯವರು ಸಾಲಾಗಿ ಕೂತು, ಪುಸ್ತಕ ಎದುರಿಗಿಟ್ಟುಕೊಂಡು, ಕುರಿಯ ಉಣ್ಣೆ ಕತ್ತರಿಸುವ ಕಾಲದ ಹಾಡು ಹಾಡಿದರಂತೆ. ಆಮೇಲೆ ಉಳುಮೆಯ ಹಾಡು. ಆಮೇಲೆ ಬಿಯರ್ ಹೊಗಳುವ ಹಾಡು. ಇವರ ಪ್ರಶ್ನೆ ಇಷ್ಟೇ: "ಆ ಮನೆಯಲ್ಲಿ ಈಗ ಕುರಿ ಕಾಯುವವರಿಲ್ಲ, ಉಳುವವರಿಲ್ಲ. ಬಿಯರ್ ಮಾತ್ರ ಉಳಿದಿದೆ. ಮತ್ತೆ ಹಾಡು ಹೇಗೆ ಉಳೀತು?"

ಒಳ್ಳೆ ಪ್ರಶ್ನೆ. ಕೆಲಸ ಹೋದರೆ ಕೆಲಸದ ಹಾಡೂ ಹೋಗುತ್ತೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಇಲ್ಲಿ ಹಾಗಾಗಿಲ್ಲ.

[ಸ್ಕ್ರೀನ್: ಇಂಗ್ಲೆಂಡ್ ನಕ್ಷೆ, ದಕ್ಷಿಣ ಕರಾವಳಿ]

ಬೇಸಿಕ್ಸ್ ಬೇಗ ಮುಗಿಸೋಣ. 19ನೇ ಶತಮಾನದ ಕೊನೆಗೆ ಇಂಗ್ಲೆಂಡ್‌ನ ಓದಿದ ಜನಕ್ಕೆ ದಿಗಿಲು ಹತ್ತಿತು. ಹಳ್ಳಿ ಮುದುಕರು ಸತ್ತರೆ ಅವರ ಹಾಡುಗಳೂ ಸಾಯುತ್ತವೆ ಅಂತ. 1898ರಲ್ಲಿ ಲಂಡನ್‌ನಲ್ಲಿ 'ಫೋಕ್ ಸಾಂಗ್ ಸೊಸೈಟಿ' ಶುರುವಾಯಿತು. 1903ರಲ್ಲಿ ಸೆಸಿಲ್ ಶಾರ್ಪ್ ಅನ್ನುವ ಸಂಗೀತಗಾರ ಸಾಮರ್‌ಸೆಟ್‌ನ ಹ್ಯಾಂಬ್ರಿಜ್ ಅನ್ನುವ ಹಳ್ಳಿಯಲ್ಲಿ ಒಬ್ಬ ತೋಟದ ಮಾಲಿ ಹಾಡೋದನ್ನು ಕೇಳಿದ. ಆಮೇಲೆ ಅವನ ಇಡೀ ಬದುಕು ಹಾಡು ಹುಡುಕೋದರಲ್ಲೇ ಹೋಯಿತು. ಆ ಮಾಲಿಯ ಹೆಸರು ಜಾನ್ ಇಂಗ್ಲೆಂಡ್. ಇಂಗ್ಲೆಂಡ್‌ನ ಹಾಡು ಹುಡುಕಲು ಹೊರಟವನಿಗೆ ಸಿಕ್ಕ ಮೊದಲ ಹಾಡುಗಾರನೇ ಮಿಸ್ಟರ್ ಇಂಗ್ಲೆಂಡ್! ಕತೆ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಸರಿ, ನಮ್ಮ ವೀಕ್ಷಕರು ಕೇಳಿದ ಕಾಪರ್ ಮನೆತನದ ಊರಿಗೆ ಬರೋಣ. ಸಸೆಕ್ಸ್ ಜಿಲ್ಲೆಯ ರಾಟಿಂಗ್‌ಡೀನ್. ಬ್ರೈಟನ್ ಪಟ್ಟಣದ ಪಕ್ಕದಲ್ಲೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಡೌನ್ಸ್ ಅನ್ನುವ ಬೋಳು ಹಸಿರು ಗುಡ್ಡ, ಗುಡ್ಡದ ತುಂಬ ಕುರಿ. ಮುಂಬೈಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ ಕೂಡ ಆಗ ಇದೇ ಊರಲ್ಲಿ ಮನೆ ಮಾಡಿಕೊಂಡಿದ್ದ. ಇರಲಿ, ಅವನು ಇವತ್ತಿನ ವಿಷಯ ಅಲ್ಲ.

1898ರಲ್ಲಿ ಸೊಸೈಟಿಯ ಕಾರ್ಯದರ್ಶಿ ಕೇಟ್ ಲೀ ಈ ಊರಿಗೆ ಬಂದರು. ಸ್ವತಃ ಗಾಯಕಿ. ಊರಿನ ದೊಡ್ಡ ಮನೆಯೊಂದರಲ್ಲಿ ಉಳಿದುಕೊಂಡು, ಹಳೇ ಹಾಡು ಗೊತ್ತಿರುವ ಇಬ್ಬರು ಅಣ್ಣತಮ್ಮಂದಿರನ್ನು ಕರೆಸಿದರು. ಒಬ್ಬ ಜೇಮ್ಸ್ ಕಾಪರ್, ಎಲ್ಲರೂ ಕರೆಯೋದು 'ಬ್ರಾಸರ್' ಅಂತ. ಜಮೀನಿನಲ್ಲಿ ಆಳುಗಳ ಮೇಲ್ವಿಚಾರಕ. ಇನ್ನೊಬ್ಬ ಥಾಮಸ್, 'ಬ್ಲ್ಯಾಕ್ ಹಾರ್ಸ್' ಅನ್ನುವ ಪಬ್ ನಡೆಸುವವ. ಇಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು ಹೋದರು. ಮೇಜಿನ ಮೇಲೆ ಒಂದು ಬಾಟಲಿ ವಿಸ್ಕಿ. ಅದು ಖಾಲಿ ಆಗುವವರೆಗೂ ಮನೆಗೆ ಹೋಗೋ ಹಾಗಿಲ್ಲ ಅಂತ ಕರಾರು. ಇದು ಕಾಪರ್ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಕತೆ. ಇಂಗ್ಲೆಂಡ್‌ನ ಜಾನಪದ ಹಾಡಿನ ಚರಿತ್ರೆಯಲ್ಲಿ ರಾಯಲ್ಟಿ ಅಂತ ಸಿಕ್ಕಿದ್ದು ಬಹುಶಃ ಇಷ್ಟೇ!

ಕೇಟ್ ಲೀ ಈ ಭೇಟಿಯ ಬಗ್ಗೆ ಬರೆದದ್ದು ಸೊಗಸಾಗಿದೆ. ಎಷ್ಟು ಹಾಡು ಬರುತ್ತೆ ಅಂತ ಕೇಳಿದರೆ, ಒಂದು 'ಅರ್ಧ ನೂರು' ಬರಬಹುದು ಅಂದರಂತೆ. ಪ್ರೇಮದ ಹಾಡು ಬೇಕು ಅನ್ನಿ, ಸಮುದ್ರದ ಹಾಡು ಅನ್ನಿ, ಉಳುಮೆಯ ಹಾಡು ಅನ್ನಿ. ಇಬ್ಬರೂ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಹಾಡಲು ಶುರು.

ಈ 'ಮುಖ ನೋಡಿಕೊಳ್ಳೋದು' ಇದೆಯಲ್ಲ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಯಾಕಂದ್ರೆ ನನ್ನ ಪ್ರಕಾರ ಇವತ್ತಿನ ಪ್ರಶ್ನೆಗೆ ಉತ್ತರ ಇರೋದೇ ಇಲ್ಲಿ.

[ಸ್ಕ್ರೀನ್: ಎರಡು ಗೆರೆ, ಮೇಲೊಂದು ಕೆಳಗೊಂದು, ಅಲ್ಲಲ್ಲಿ ಸೇರುತ್ತವೆ]

ಆ ಕಾಲದಲ್ಲಿ ಇಂಗ್ಲೆಂಡ್‌ನ ಹಳ್ಳಿ ಹಾಡುಗಾರ ಅಂದರೆ ಸಾಮಾನ್ಯವಾಗಿ ಒಬ್ಬ ಮನುಷ್ಯ, ಒಂದು ದನಿ. ಪಬ್‌ನ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಹಾಡ್ತಾನೆ. ಉಳಿದವರು ಪಲ್ಲವಿಗೆ ಮಾತ್ರ ಸೇರಿಕೊಳ್ತಾರೆ. ಕಾಪರ್ ಮನೆಯ ಪದ್ಧತಿ ಬೇರೆ. ಅವರ ಬಹಳಷ್ಟು ಹಾಡುಗಳಿಗೆ ಎರಡು ದನಿ. ಮೇಲಿನ ದನಿಗೆ ಅವರು ಟ್ರೆಬಲ್ ಅಂತಾರೆ, ಕೆಳಗಿನದಕ್ಕೆ ಬೇಸ್. ಮೇಲಿನವರು ರಾಗ ಹಿಡಿದು ಹೋಗ್ತಾರೆ. ಕೆಳಗಿನವರು ತಮ್ಮದೇ ದಾರಿಯಲ್ಲಿ ಹೋಗಿ, ಒಂದು ಪದದ ಹತ್ತಿರ ಬಂದು ಅದೇ ಸ್ವರಕ್ಕೆ ಸೇರಿ, ಮತ್ತೆ ಬೇರೆ ಆಗ್ತಾರೆ. ಇದು ಚರ್ಚ್ ಹಾಡುಗಾರಿಕೆಯಿಂದ ಬಂತಾ, ಪಬ್‌ಗಳಲ್ಲಿ ಗುಂಪಾಗಿ ಹಾಡುವ ರೂಢಿಯಿಂದ ಬಂತಾ ಅನ್ನುವ ಚರ್ಚೆ ಇದೆ. ಅದು ಪಂಡಿತರಿಗೆ ಇರಲಿ. ನಮಗೆ ಮುಖ್ಯವಾದ ವಿಷಯ: ಇಂಥ ಹಾಡನ್ನು ಒಬ್ಬನೇ ಹಾಡಿದರೆ ಅದು ಅರ್ಧ ಹಾಡು.

ಜೋಡಿ ಎತ್ತು ನೆನಪು ಮಾಡಿಕೊಳ್ಳಿ. ಒಂಟಿ ಎತ್ತಿನಿಂದ ಉಳುಮೆ ಸಾಗಲ್ಲ. ಜೋಡಿಯಲ್ಲಿ ಒಂದು ಮುದಿಯಾಯ್ತು ಅಂದರೆ ರೈತ ಏನು ಮಾಡ್ತಾನೆ? ಎಳೇ ಹೋರಿ ತಂದು, ಪಳಗಿದ ಎತ್ತಿನ ಪಕ್ಕ ನೊಗಕ್ಕೆ ಕಟ್ಟುತ್ತಾನೆ. ಹೋರಿಗೆ ಯಾರೂ ಪಾಠ ಮಾಡಲ್ಲ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಅನ್ನೋದು ಪಕ್ಕದ ಎತ್ತಿನ ಭುಜದಿಂದಲೇ ಗೊತ್ತಾಗುತ್ತೆ. ಮೊದಮೊದಲು ಅಡ್ಡಾದಿಡ್ಡಿ ಎಳೆಯುತ್ತೆ, ಸಾಲು ಸೊಟ್ಟಗಾಗುತ್ತೆ, ರೈತ ಬೈತಾನೆ. ಕೆಲವು ದಿನಕ್ಕೆ ಹದಕ್ಕೆ ಬರುತ್ತೆ. ಕೆಲವು ವರ್ಷಕ್ಕೆ ಆ ಹೋರಿಯೇ ಪಳಗಿದ ಎತ್ತು, ಅದರ ಪಕ್ಕಕ್ಕೆ ಇನ್ನೊಂದು ಎಳೇದು. ಈ ಹೋಲಿಕೆ ನಾನು ಸುಮ್ನೆ ನಮ್ಮೂರಿನಿಂದ ಎತ್ತಿಕೊಂಡು ಹೋಗಿ ಅಲ್ಲಿ ಕಟ್ಟುತ್ತಿಲ್ಲ. ಸಸೆಕ್ಸ್ ಗುಡ್ಡಗಳಲ್ಲಿ ಎತ್ತಿನ ಉಳುಮೆ 1920ರ ದಶಕದವರೆಗೂ ಇತ್ತು. ಇಂಗ್ಲೆಂಡ್‌ನ ಬೇರೆ ಕಡೆ ಕುದುರೆ ಬಂದು ಎಷ್ಟೋ ಕಾಲವಾದ ಮೇಲೂ ಇಲ್ಲಿ ನೊಗ ಇಳಿದಿರಲಿಲ್ಲ.

ಈಗ ಈ ಮನೆಯ ಜೋಡಿಗಳನ್ನು ನೋಡಿ. ಮೊದಲು ಅಣ್ಣತಮ್ಮ, ಬ್ರಾಸರ್ ಮತ್ತು ಥಾಮಸ್. ಆಮೇಲೆ ಬ್ರಾಸರ್‌ನ ಮಕ್ಕಳು ಜಾನ್ ಮತ್ತು ಜಿಮ್. ಅವರ ನಂತರ ಜಿಮ್‌ನ ಮಗ ಬಾಬ್, ಜಾನ್‌ನ ಮಗ ರಾನ್. ಅಂದರೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ರಾನ್‌ದು ಬೇಸ್, ಬಾಬ್‌ದು ಮೇಲಿನ ದನಿ. 1979ರಲ್ಲಿ ರಾನ್ ತೀರಿಕೊಂಡರು. ಹಾಡು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಾಬ್ ಅವರ ಮಗ ಜಾನ್, ಮಗಳು ಜಿಲ್, ಅಳಿಯ ಜಾನ್ ಡಡ್ಲಿ ಅಷ್ಟರಲ್ಲಿ ತಯಾರಾಗಿದ್ದರು. ಹೌದು, ಮಗನೂ ಜಾನ್, ಅಳಿಯನೂ ಜಾನ್, ದೊಡ್ಡಪ್ಪನೂ ಜಾನ್. ಎಡಿಟ್ ಮಾಡುವ ನಮ್ಮ ಹುಡುಗ ಇವರ ವಂಶವೃಕ್ಷ ನೋಡಿ ತಲೆ ಹಿಡಿದುಕೊಂಡಿದ್ದಾನೆ.

ಅಳಿಯ ಅಂದೆನಲ್ಲ, ಅದನ್ನು ಗಮನಿಸಿ. ಇಂಥ ಕುಟುಂಬಗಳ ಬಗ್ಗೆ ಬರೆಯುವವರೆಲ್ಲ 'ರಕ್ತದಲ್ಲೇ ಬಂದಿದೆ' ಅಂತಾರೆ. ನನಗೆ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಒಂದೇ ಮನೆಯವರ ದನಿಯಲ್ಲಿ ಒಂದು ಹೋಲಿಕೆ ಇರುತ್ತೆ, ಒಪ್ಪೋಣ. ಒಂದೇ ಥರ ಮಾತಾಡಿ ಬೆಳೆದವರ ಉಚ್ಚಾರವೂ ಒಂದೇ ಕಡೆ ತೆರೆದು ಒಂದೇ ಕಡೆ ಮುಚ್ಚುತ್ತೆ. ಆದರೆ ಅಳಿಯ ಯಾವ ರಕ್ತ? 1960ರ ದಶಕದಲ್ಲಿ ಲಂಡನ್‌ನಲ್ಲಿ 'ದಿ ಯಂಗ್ ಟ್ರೆಡಿಷನ್' ಅಂತ ಮೂವರ ತಂಡ ಇತ್ತು. ಕಾಪರ್ ಮನೆಯ ಹಾಡುಗಳನ್ನು ಅದ್ಭುತವಾಗಿ ಹಾಡುತ್ತಿದ್ದರು. ಅದರಲ್ಲಿ ಇಬ್ಬರ ಅಡ್ಡಹೆಸರು ವುಡ್. ಜನ ಅಣ್ಣತಂಗಿ ಅಂದುಕೊಳ್ಳುತ್ತಿದ್ದರು. ಅವರಿಗೆ ಯಾವ ಸಂಬಂಧವೂ ಇರಲಿಲ್ಲ!

ಹಾಗಾದರೆ ಮನೆಯೇ ಯಾಕೆ ಬೇಕು? ಪಕ್ಕದಲ್ಲಿ ಕೂರಲು ಬೇಕು. ದಿನಾ ಸಂಜೆ, ಕ್ರಿಸ್‌ಮಸ್‌ಗೆ, ಕೊಯ್ಲಿನ ಊಟಕ್ಕೆ, ಯಾವ ಕಾರಣವೂ ಇಲ್ಲದೆ. ಎಳೇ ಹುಡುಗ ತಪ್ಪು ಸ್ವರ ಹಿಡಿದರೆ ಬೈಯುವ ಹಕ್ಕು ಇರುವವರು ಬೇಕು. ಇಷ್ಟು ಹೊತ್ತು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವವರು ಮನೆಯವರಲ್ಲದೆ ಇನ್ಯಾರು?

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. 1936ರಲ್ಲಿ ಜಿಮ್ ಕಾಪರ್ ಮನೆಯ ಹಾಡುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಹಾಡಲು ಕೂತಾಗ ಎದುರಿಗೆ ಇಡುವ ಪುಸ್ತಕದ ಮೂಲ ಅದೇ. ಅದರಲ್ಲಿ ಇರೋದು ಪದಗಳು ಮಾತ್ರ. ರಾಗ ಇಲ್ಲ. ಆ ಪುಸ್ತಕ ನಿಮ್ಮ ಕೈಗೆ ಸಿಕ್ಕಿದರೂ ಪ್ರಯೋಜನ ಇಲ್ಲ, ರಾಗಕ್ಕೆ ಜಿಮ್ ಹತ್ತಿರವೇ ಹೋಗಬೇಕು. ಕೀ ಇಲ್ಲದ ಬೀಗ ಅಂತ ಬೇಕಾದರೆ ಹೇಳಬಹುದು. ಬೇಡ, ಎತ್ತಿನ ಉಪಮೆ ಒಂದೇ ಸಾಕು.

ಹಾಡು ಬರೆದಿಡುವ ಹೊತ್ತಿಗೆ ಜಮೀನು ಹೋಗಿತ್ತು. ಮೊದಲ ಮಹಾಯುದ್ಧದ ನಂತರ ಬ್ರೈಟನ್ ಸುತ್ತಮುತ್ತ ಹೊಲ ಹೋಗಿ ಮನೆಗಳ ಸಾಲು ಎದ್ದವು. ತಾನು ಕುರಿ ಕಾದ ಗುಡ್ಡದ ಮೇಲೆ ಬರೀ ಮನೆ, ಮನೆ, ಮನೆ ಅಂತ ಜಿಮ್ ನೊಂದುಕೊಳ್ಳುತ್ತಿದ್ದರು. ಬೆಂಗಳೂರಿನ ಸುತ್ತ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ ಬಾಬ್ ಕ್ಷೌರದ ಅಂಗಡಿಯಲ್ಲಿ ಗಿರಾಕಿಗಳ ಗಡ್ಡಕ್ಕೆ ಸೋಪು ಹಚ್ಚುವ ಹುಡುಗನಾದ. ಆಮೇಲೆ ಸೈನಿಕ, ಆಮೇಲೆ ಪೊಲೀಸ್, ಆಮೇಲೆ ಒಂದು ಕ್ಲಬ್‌ನ ಮ್ಯಾನೇಜರ್. ಉಳುಮೆ ಹಾಡು ಹಾಡುವ ಪೊಲೀಸ್!

[ಸ್ಕ್ರೀನ್: ಹಳೇ ರೇಡಿಯೋ]

ರೇಡಿಯೋ ಬಂದು ಮನೆಹಾಡು ಸತ್ತಿತು ಅಂತಾರಲ್ಲ, ಇಲ್ಲಿ ಉಲ್ಟಾ ಆಯಿತು. ಬಿಬಿಸಿಯ 'ಕಂಟ್ರಿ ಮ್ಯಾಗಜೀನ್' ಅನ್ನುವ ಕಾರ್ಯಕ್ರಮದಲ್ಲಿ ಜಿಮ್‌ಗೆ ಒಂದು ಹಾಡು ಕೇಳಿಸಿತು. ಅರೆ, ಇದು ನಮ್ಮನೆ ಹಾಡಲ್ವಾ! ಬಿಬಿಸಿಗೆ ಪತ್ರ ಹೋಯಿತು. ಫ್ರಾನ್ಸಿಸ್ ಕಾಲಿನ್‌ಸನ್ ಅನ್ನುವವರು ಬಂದು ಕೇಳಿ ದಂಗಾದರು. 1950ರಲ್ಲಿ ಕಾಪರ್‌ಗಳು ರೇಡಿಯೋದಲ್ಲಿ. 1952ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಜಿಮ್, ಜಾನ್, ಬಾಬ್, ರಾನ್, ನಾಲ್ವರೂ. ಬಾಬ್‌ನನ್ನು ಬಿಬಿಸಿ ಇನ್ನೊಂದು ಕೆಲಸಕ್ಕೂ ಹಿಡಿಯಿತು. ಸಸೆಕ್ಸ್, ಹ್ಯಾಂಪ್‌ಶೈರ್ ಸುತ್ತಿ ಬೇರೆಯವರ ಹಾಡು ರೆಕಾರ್ಡ್ ಮಾಡು ಅಂತ. ತಾತನ ಹಾಡು ಬರೆದುಕೊಳ್ಳಲು ಲಂಡನ್‌ನಿಂದ ಒಬ್ಬರು ಬಂದಿದ್ದರು. ಮೊಮ್ಮಗ ಟೇಪ್ ರೆಕಾರ್ಡರ್ ಹಿಡಿದು ತಾನೇ ಹೊರಟ.

ಟೈಮ್ ಜಾಸ್ತಿ ಆಗ್ತಿದೆ. ಉಳಿದದ್ದನ್ನು ಓಡಿಸ್ತೀನಿ.

ಒಂದು, 'ಬಾಯಿಂದ ಬಾಯಿಗೆ ಮಾತ್ರ ಬಂದದ್ದು' ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಇಂಗ್ಲೆಂಡ್‌ನ ಇಂಥ ಹಾಡುಗಳಲ್ಲಿ ಬಹುಪಾಲು ಒಂದಲ್ಲ ಒಂದು ಕಾಲದಲ್ಲಿ ಒಂಟಿ ಹಾಳೆಯಲ್ಲಿ ಅಚ್ಚಾಗಿ, ಬೀದಿಯಲ್ಲಿ, ಸಂತೆಯಲ್ಲಿ ಚಿಲ್ಲರೆ ಕಾಸಿಗೆ ಮಾರಾಟ ಆಗಿವೆ. ಅಚ್ಚಿನಿಂದ ಬಾಯಿಗೆ, ಬಾಯಿಂದ ಮತ್ತೆ ಅಚ್ಚಿಗೆ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತೆ. ನನಗೇನೋ ಇದರಿಂದ ಹಾಡಿನ ಬೆಲೆ ಕಮ್ಮಿ ಆಯ್ತು ಅನ್ನಿಸಲ್ಲ.

ಇನ್ನು ಉತ್ತರದ ಹಲ್ ಪಟ್ಟಣದ ವಾಟರ್‌ಸನ್ ಕುಟುಂಬ. ಇವರಿಗೇ ಒಂದು ವಿಡಿಯೋ ಬೇಕು. ನಾರ್ಮಾ, ಮೈಕ್, ಲಾಲ್ ಅನ್ನುವ ಮೂವರು ಒಡಹುಟ್ಟಿದವರು, ಜೊತೆಗೆ ಸಂಬಂಧಿ ಜಾನ್ ಹ್ಯಾರಿಸನ್. ಮತ್ತೊಬ್ಬ ಜಾನ್. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅಜ್ಜಿ ಬೆಳೆಸಿದ ಮಕ್ಕಳು. 1965ರಲ್ಲಿ ಬಂದ ಇವರ 'ಫ್ರಾಸ್ಟ್ ಅಂಡ್ ಫೈರ್' ಆಲ್ಬಂನಲ್ಲಿ ವರ್ಷದ ಹಬ್ಬಗಳ ಹಾಡು, ವಾದ್ಯ ಇಲ್ಲದೆ. 1968ರಲ್ಲಿ ತಂಡ ಹಾಡೋದನ್ನು ನಿಲ್ಲಿಸಿತು. ನಾರ್ಮಾ ಕೆರಿಬಿಯನ್‌ನ ಮಾಂಟ್‌ಸೆರಾಟ್ ದ್ವೀಪಕ್ಕೆ ಹೋಗಿ ರೇಡಿಯೋ ಡಿಸ್ಕ್ ಜಾಕಿ ಆದರು. ಸುಳ್ಳಲ್ಲ, ಗೂಗಲ್ ಮಾಡಿ. ವಾಪಸ್ ಬಂದು ಗಿಟಾರ್ ವಾದಕ, ಹಾಡುಗಾರ ಮಾರ್ಟಿನ್ ಕಾರ್ಥಿಯನ್ನು ಮದುವೆಯಾದರು. ತಂಡ ಮತ್ತೆ ಸೇರಿದ ಮೇಲೆ ಒಂದು ಜಾಗ ಖಾಲಿ ಇದ್ದಾಗ ಆ ದನಿಗೆ ಗಂಡ ಬಂದು ಕೂತರು. ಮಗಳು ಎಲೈಜಾ ಕಾರ್ಥಿ ಇವತ್ತು ದೊಡ್ಡ ಹೆಸರು. 2022ರಲ್ಲಿ ನಾರ್ಮಾ ತೀರಿಕೊಂಡರು. ಇಲ್ಲೂ ನೋಡಿ, ಅಳಿಯಂದಿರದ್ದೇ ದರ್ಬಾರು.

ಬಾಬ್ ಕಾಪರ್ 2004ರಲ್ಲಿ ಹೋದರು, ಅರಮನೆಯಿಂದ ಎಂಬಿಇ ಗೌರವ ಪಡೆದ ಕೆಲವೇ ದಿನಕ್ಕೆ. ಅವರ ಆರು ಮೊಮ್ಮಕ್ಕಳು 'ದಿ ಯಂಗ್ ಕಾಪರ್ಸ್' ಅನ್ನುವ ಹೆಸರಿನಲ್ಲಿ ಹಾಡಿದ್ದಾರೆ.

ಕೇಳಬೇಕು ಅನ್ನುವವರು ಮೊದಲು ಬಾಬ್ ಮತ್ತು ರಾನ್ ಇಬ್ಬರೇ ಹಾಡಿರುವ ರೆಕಾರ್ಡಿಂಗ್ ಹುಡುಕಿ. ಒಂದು ಸಲ ಮೇಲಿನ ದನಿ ಹಿಡಿದು ಕೇಳಿ. ಇನ್ನೊಂದು ಸಲ ರಾನ್ ಅವರ ಬೇಸ್ ಮಾತ್ರ ಹಿಂಬಾಲಿಸಿ. ಮೊದಲ ಸಲ ಕೈಗೆ ಸಿಗಲ್ಲ, ಜಾರಿಕೊಳ್ಳುತ್ತೆ. ಸಿಕ್ಕಿತು ಅಂದರೆ ಗುನುಗಿ ನೋಡಿ, ಒಂಟಿಯಾಗಿ ಎಷ್ಟು ವಿಚಿತ್ರವಾಗಿ ಕೇಳಿಸುತ್ತೆ ಅಂತ. ಆಮೇಲೆ ಮನೆಯಲ್ಲಿ ಯಾರನ್ನಾದರೂ ಮೇಲಿನ ದನಿಗೆ ಒಪ್ಪಿಸಬೇಕಾಗುತ್ತೆ. ಅದರ ಜವಾಬ್ದಾರಿ ನನ್ನದಲ್ಲ.