ಮಾರಾದಲ್ಲಿ ಮಳೆ ಹಿಡಿದ ಮಧ್ಯಾಹ್ನ

ಈ ಸದ್ದು ಕೇಳಿಸುತ್ತಿದೆಯಲ್ಲ, ಇದು ಮಳೆ. ನಮ್ಮ ಲ್ಯಾಂಡ್ ಕ್ರೂಸರಿನ ಕ್ಯಾನ್ವಾಸ್ ಮೇಲೆ ಬೀಳುತ್ತಿರುವ ಮಳೆ. ಜಾಗ ಕೀನ್ಯಾದ ಮಸಾಯಿ ಮಾರಾ, ಏಪ್ರಿಲ್ ತಿಂಗಳು, ಮಧ್ಯಾಹ್ನ 4 ಗಂಟೆ.

ಹೊರಡುವ ಮುಂಚೆಯೇ ಮೋಡ ಕಪ್ಪಗಾಗಿತ್ತು. ಕ್ಯಾಂಪಿನಲ್ಲಿ ಇಬ್ಬರು ಮೂವರು ಇವತ್ತು ಬೇಡ ಅಂತ ಟೆಂಟ್ ಸೇರಿಕೊಂಡರು. ನನಗೂ ಹೋಗಲೋ ಬೇಡವೋ ಅನಿಸಿತ್ತು. ನಮ್ಮ ಗೈಡ್ ಮಾತ್ರ ಪಶ್ಚಿಮದ ಕಡೆ ಒಮ್ಮೆ ನೋಡಿ, ಸೀಟಿನ ಮೇಲೆ ಕಂಬಳಿ ಹಾಕಿ, ಗಾಡಿ ಸ್ಟಾರ್ಟ್ ಮಾಡಿದರು. ಅವರು ಮಸಾಯಿ ಜನಾಂಗದವರು. ಕ್ಯಾಂಪಿನ ಹುಡುಗರೆಲ್ಲ ಅವರನ್ನು ಮ್ಜೇ ಅಂತ ಕರೆಯುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ಹಿರಿಯರನ್ನು ಹಾಗೆ ಕರೆಯುವುದು, ನಮ್ಮಲ್ಲಿ ಯಜಮಾನ್ರೆ ಅನ್ನುತ್ತೇವಲ್ಲ, ಹಾಗೆ. ನಾನೂ ಹಾಗೇ ಕರೆದೆ.

ಇಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆ, ನವೆಂಬರ್ ಡಿಸೆಂಬರಿನಲ್ಲಿ ಸಣ್ಣ ಮಳೆ. ಟಿವಿಯಲ್ಲಿ ನೋಡುತ್ತೇವಲ್ಲ, ವೈಲ್ಡ್‌ಬೀಸ್ಟ್ ಹಿಂಡು ನದಿಗೆ ಧುಮುಕುವುದು, ಅದೆಲ್ಲ ಜುಲೈನಿಂದ ಅಕ್ಟೋಬರ್. ಏಪ್ರಿಲ್‌ನಲ್ಲಿ ಆ ಹಿಂಡು ಗಡಿಯ ಆಚೆ ತಾಂಜಾನಿಯಾದ ಸೆರೆಂಗೆಟಿಯಲ್ಲಿರುತ್ತದೆ. ಹಾಗಾಗಿ ಈಗ ಗಾಡಿಗಳೂ ಕಡಿಮೆ. ಸಮಭಾಜಕ ರೇಖೆ ಇಷ್ಟು ಹತ್ತಿರ ಇದ್ದರೂ ಜಾಗ 1,500 ಮೀಟರಿಗಿಂತ ಎತ್ತರ, ಮಳೆ ಶುರುವಾದರೆ ಚಳಿ ಹಲ್ಲು ಕಡಿಸುತ್ತದೆ.

ಇಲ್ಲಿ ಟೈರ್ ನೋಡಿ. ಆ ಮಣ್ಣು ನೋಡಿ. ನಮ್ಮೂರು ನವಲಗುಂದದ ಕಡೆ, ಹಾಗಾಗಿ ಮಾರಾದಲ್ಲಿ ನಾನು ಎಲ್ಲಕ್ಕಿಂತ ಮೊದಲು ಗುರುತು ಹಿಡಿದದ್ದು ಈ ಮಣ್ಣನ್ನು! ಇಲ್ಲಿಯವರು ಬ್ಲ್ಯಾಕ್ ಕಾಟನ್ ಅನ್ನುತ್ತಾರೆ, ನಮ್ಮ ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಉಬ್ಬಿ ಅಂಟಾಗುತ್ತದೆ. ಟೈರಿನ ಗೀರುಗಳಲ್ಲೆಲ್ಲ ಅದೇ ತುಂಬಿಕೊಂಡು ಹೊಸ ಟೈರೂ ಬೋಳು ಟೈರಿನ ಹಾಗಾಗಿ, ಫೋರ್ ವೀಲ್ ಹಾಕಿದ ಗಾಡಿ ಕೂಡ ಏಡಿಯಂತೆ ಅಡ್ಡಡ್ಡ ಹೋಗುತ್ತದೆ. ಚಿಕ್ಕವಳಿದ್ದಾಗ ಅಪ್ಪ ಹೊಲದ ಬದುವಿನಲ್ಲಿ ನಿಂತು ಕೂಗುತ್ತಿದ್ದರು: "ಎರಿ ಹಸಿ ಐತಿ, ಕಾಲ ಇಡಬ್ಯಾಡ!"

ಮ್ಜೇ ಈ ಮಣ್ಣನ್ನು ದೂರದಿಂದಲೇ ಓದುತ್ತಿದ್ದರು. ಅಲ್ಲೊಂದು ಕುಳ್ಳ ಮುಳ್ಳುಗಿಡ ಕಾಣುತ್ತಿದೆಯಲ್ಲ? ಅದರ ಮುಳ್ಳಿನ ಬುಡ ಗುಂಡಗೆ ಉಬ್ಬಿರುತ್ತದೆ, ಇರುವೆಗಳು ತೂತು ಕೊರೆದು ಒಳಗೆ ಮನೆ ಮಾಡುತ್ತವೆ, ಗಾಳಿ ಬೀಸಿದರೆ ಆ ತೂತುಗಳು ಸಿಳ್ಳೆ ಹೊಡೆಯುತ್ತವೆ. ಆ ಗಿಡ ಗುಂಪಾಗಿ ನಿಂತಿದೆ ಅಂದರೆ ಕೆಳಗೆ ಎರೆ ಇದೆ ಅಂತ ಲೆಕ್ಕ. ಅವರು ಅಲ್ಲಿಂದ ತಿರುಗಿಸಿ ಕಲ್ಲಿನ ದಿಣ್ಣೆಯ ಮೇಲಿನ ಜಾಡು ಹಿಡಿದರು. ಬ್ರೇಕ್ ಒತ್ತಿದ್ದು ನಾನು ನೋಡಲೇ ಇಲ್ಲ. ಪೊಲೆ ಪೊಲೆ ಅನ್ನುತ್ತಾ, ಅಂದರೆ ನಿಧಾನ ನಿಧಾನ, ಕೆಳಗಿನ ಗೇರಿನಲ್ಲೇ ಗಾಡಿಯನ್ನು ನಡೆಸಿಕೊಂಡು ಹೋದರು.

ಈಗ ಬರುವ ಶಾಟ್ ಸ್ವಲ್ಪ ಮಸುಕಾಗಿದೆ, ಲೆನ್ಸ್ ಮೇಲೆ ನೀರಿತ್ತು. ಹಳ್ಳದ ಆಚೆ ದಡದ ದಿಬ್ಬದ ಮೇಲೆ ಕಂದು ಬಣ್ಣದ ಗುಡ್ಡೆಗಳು ಕಾಣುತ್ತಿವೆಯಲ್ಲ, ಅವು ಸಿಂಹಗಳು. ಐದು ಹೆಣ್ಣು, ನಾಲ್ಕು ಮರಿ. ನಮಗೂ ಅವಕ್ಕೂ ನಡುವೆ ಒಂದು ಹಳ್ಳ. ಇಲ್ಲಿ ಲಗ್ಗಾ ಅನ್ನುತ್ತಾರೆ. ಬೆಳಗ್ಗೆ ಇದೇ ಹಳ್ಳವನ್ನು ಒಣಗಾಲಲ್ಲಿ ದಾಟಿದ್ದೆವು, ಈಗ ಕೆಂಪು ನೀರು ಹರಿಯುತ್ತಿತ್ತು. ನೋಡಿದರೆ ಮೊಣಕಾಲಿನಷ್ಟು ಆಳ ಇರಬಹುದು ಅನಿಸಿತು. ದಾಟಿ ಹೋಗೋಣ, ಇನ್ನೂ ಹತ್ತಿರ ಸಿಗುತ್ತವೆ ಅಂತ ನಾನೇ ಕೇಳಿದೆ. ನನ್ನ ಜೊತೆ ಇದ್ದವರೂ ಕೇಳಿದರು.

ಆಗಲ್ಲ ಅಂದರು ಮ್ಜೇ. ದನಿ ಏರಿಸಲಿಲ್ಲ. ಈ ನೀರು ಇಲ್ಲಿಯ ಮಳೆಯದಲ್ಲ, ಮೇಲಿನ ಗುಡ್ಡದಲ್ಲಿ ಬಿದ್ದದ್ದು, ಅಲ್ಲಿ ಇನ್ನೂ ಸುರಿಯುತ್ತಿದೆ, ಹೋಗುವಾಗ ಮೊಣಕಾಲು ಇದ್ದದ್ದು ಬರುವಾಗ ಬಾನೆಟ್ ಆಗಿರುತ್ತದೆ ಅಂದರು. ಒಂದು ಕ್ಷಣ ನನಗೆ ಬೇಜಾರಾಯಿತು ನಿಜ. ಅಷ್ಟು ದೂರದಿಂದ ಬಂದಿದ್ದೆ, ಎದುರಿಗೆ ಸಿಂಹ ಇದೆ. ಆಮೇಲೆ ನಮ್ಮ ಬೆಣ್ಣೆಹಳ್ಳ ನೆನಪಾಯಿತು. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಮೇಲೆ ಮಳೆಯಾದರೆ ಸಾಕು, ಅದು ಹೊಲ ರಸ್ತೆ ಎಲ್ಲ ನುಂಗಿ ನಿಲ್ಲುತ್ತದೆ. ಇದನ್ನು ನೋಡುತ್ತಲೇ ಬೆಳೆದವಳು ನಾನು, ಆದರೂ ಸಿಂಹ ಕಂಡ ಕೂಡಲೇ ಮರೆತೆ. ಮಾರಾದಲ್ಲೂ 2024ರ ಮೇ ಮೊದಲ ದಿನ ತಾಲೆಕ್ ನದಿ ಉಕ್ಕಿ ಕ್ಯಾಂಪುಗಳಿಗೆ ನುಗ್ಗಿತ್ತು. ಪ್ರವಾಸಿಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿದರು.

ಸರಿ, ಎಂಜಿನ್ ಆಫ್ ಮಾಡಿ ಈಚೆ ದಡದಲ್ಲೇ ಕುಳಿತೆವು. ಐವತ್ತು ನಿಮಿಷ. ಎಡಿಟ್ ಮಾಡುವಾಗ ಅದನ್ನು ಎರಡು ನಿಮಿಷಕ್ಕೆ ಇಳಿಸಲು ನನಗೆ ಸಂಕಟವಾಯಿತು, ಯಾಕೆಂದರೆ ಆ ಮಧ್ಯಾಹ್ನ ಅಂದರೆ ನನಗೆ ಆ ಐವತ್ತು ನಿಮಿಷವೇ.

ಸಿಂಹಗಳು ಎಲ್ಲಿಗೂ ಓಡಲಿಲ್ಲ. ಗಾಳಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಮಳೆ ಮುಗಿಯಲಿ ಅಂತ ಕುಳಿತವು. ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದವು. ಬಲಗಡೆ ಜೀಬ್ರಾಗಳೂ ಹಾಗೆಯೇ, ಎಲ್ಲದರ ಬಾಲವೂ ಮಳೆಯ ಕಡೆಗೆ, ತಲೆ ಕೆಳಗೆ. ಗುಡುಗಿದಾಗ ಒಂದೇ ಒಂದು ಮರಿ ತಲೆ ಎತ್ತಿ ಆಕಾಶ ನೋಡಿತು, ಆಮೇಲೆ ಮತ್ತೆ ಒಳಗೆ ತೂರಿಕೊಂಡಿತು. ಗಾಡಿಯೊಳಗೆ ಯಾರೂ ಮಾತಾಡುತ್ತಿರಲಿಲ್ಲ. ಫ್ಲಾಸ್ಕಿನಿಂದ ಚಾಯ್ ಬಗ್ಗಿಸಿ ಕೊಟ್ಟರು ಮ್ಜೇ. ಸ್ವಾಹಿಲಿಯಲ್ಲೂ ಅದು ಚಾಯ್. ಮಸಾಯಿ ಭಾಷೆಯಲ್ಲಿ ದೇವರಿಗೂ ಮಳೆಗೂ ಒಂದೇ ಹೆಸರು, ಎಂಕಾಯ್, ಅಂತ ಹೇಳಿದರು. ಆಮೇಲೆ ಬರಗಾಲದ ಮಾತು ಬಂತು. 2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟಾಗ ಕೀನ್ಯಾದಲ್ಲಿ ಎಷ್ಟೋ ದನಕರುಗಳು ಸತ್ತವು. ಅದನ್ನು ಹೇಳುವಾಗ ಅವರ ಕಣ್ಣು ಹಳ್ಳದ ನೀರಿನ ಮೇಲಿತ್ತು. ನಾವು ಮಳೆಯನ್ನು ಬೈಯುತ್ತಾ ಗಾಡಿ ಹತ್ತಿದ್ದೆವಲ್ಲ, ಅದು ನೆನೆದು ನನಗೆ ಬಹಳ ಕಸಿವಿಸಿಯಾಯಿತು.

ಮಳೆ ಸಣ್ಣಗಾಯಿತು. ದೊಡ್ಡ ಹೆಣ್ಣು ಎದ್ದು ನಿಂತು ಒಮ್ಮೆ ಮೈ ಕೊಡವಿತು, ನೀರು ಸುತ್ತಲೂ ಚಿಮ್ಮಿತು, ಇದೊಂದು ಶಾಟನ್ನು ಸ್ಲೋ ಮೋಷನ್‌ನಲ್ಲಿ ಹಾಕಿದ್ದೇನೆ, ದಯವಿಟ್ಟು ಪೂರ್ತಿ ನೋಡಿ. ಆಮೇಲೆ ಒಂದರ ಮೈ ಮೇಲಿನ ನೀರನ್ನು ಇನ್ನೊಂದು ನೆಕ್ಕತೊಡಗಿತು. ದೂರದ ಹುತ್ತದ ಮೇಲೆ ಒಂದು ಟೋಪಿ ನಿಂತಿತ್ತು. ಟೋಪಿ ಅಂದರೆ ಇಲ್ಲಿಯ ಒಂದು ಹುಲ್ಲೆ, ಹುತ್ತ ಹತ್ತಿ ಕಾವಲು ಕಾಯುವುದು ಅದರ ಅಭ್ಯಾಸ. ದೊಡ್ಡ ಹೆಣ್ಣು ಅದನ್ನೇ ನೋಡಿತು. ಗಾಳಿ ಮಳೆಯ ಸದ್ದಿನಲ್ಲಿ ಹುಲ್ಲೆಗೆ ಹೆಜ್ಜೆ ಕೇಳಿಸುವುದಿಲ್ಲ, ಸಿಂಹಕ್ಕೆ ಅದು ಗೊತ್ತು ಅಂತ ಮ್ಜೇ ಪಿಸುಗುಟ್ಟಿದರು. ದೊಡ್ಡ ಹೆಣ್ಣು ಎದೆಮಟ್ಟದ ಹುಲ್ಲಿಗಿಳಿದು ಕಾಣದಾಯಿತು. ಹಿಂದೆಯೇ ಇನ್ನೆರಡು. ಬೇಟೆಯಾಯಿತೋ ಇಲ್ಲವೋ ನಾವು ನೋಡಲಿಲ್ಲ, ಕತ್ತಲಿಗೆ ಮುಂಚೆ ವಾಪಸಾಗಬೇಕಿತ್ತು. ಹೊರಡುವಾಗ ಹಳ್ಳದ ಮಧ್ಯೆ ಇದ್ದ ಕಲ್ಲನ್ನು ಮ್ಜೇ ತೋರಿಸಿದರು. ನಾವು ಬಂದಾಗ ಕಾಣುತ್ತಿದ್ದ ಕಲ್ಲು, ಈಗ ಅದರ ಮೇಲೆ ನೀರು ಹೋಗುತ್ತಿತ್ತು.

ದಾರಿಯಲ್ಲಿ ಬಿಸಿಲು ಓರೆಯಾಗಿ ಬಿತ್ತು, ಹುತ್ತಗಳಿಂದ ಈಸಲು ಹುಳ ಹೊಗೆಯಂತೆ ಏಳತೊಡಗಿತು. ಹದ್ದುಗಳು ಹಾರುವುದು ಬಿಟ್ಟು ಕೋಳಿಗಳ ಹಾಗೆ ನೆಲದ ಮೇಲೆ ನಡೆದಾಡಿ ಆರಿಸಿ ತಿನ್ನುತ್ತಿದ್ದವು. ಮುಂಗುಸಿಗಳದ್ದೂ ಅದೇ ಕೆಲಸ.

ಕ್ಯಾಂಪ್ ಮುಟ್ಟಿದಾಗ ಅಡುಗೆಯವರು ದೀಪದ ಕೆಳಗೆ ಬೋಗುಣಿ ಇಟ್ಟು ಈಸಲು ಹಿಡಿಯುತ್ತಿದ್ದರು. ಅವರ ಊರು ಪಶ್ಚಿಮ ಕೀನ್ಯಾದಲ್ಲಿ, ಅಲ್ಲಿ ಇದರ ಹೆಸರು ಕುಂಬಿಕುಂಬಿ. ರೆಕ್ಕೆ ಉದುರಿಸಿ, ಉಪ್ಪು ಹಾಕಿ, ಬಾಣಲೆಯಲ್ಲಿ ಗರಿಗರಿ ಹುರಿದು ಒಂದು ತಟ್ಟೆ ನನ್ನ ಮುಂದಿಟ್ಟರು. ಇದನ್ನು ತಿನ್ನುತ್ತೀರಾ ಅಂತ ಅನುಮಾನದಿಂದ ಕೇಳಿದರು. ನಮ್ಮಜ್ಜಿ ಹುರಿಯುವಾಗ ಖಾರದ ಪುಡಿಯನ್ನೂ ಹಾಕುತ್ತಿದ್ದರು ಅಂದೆ. ಒಳಗೆ ಹೋಗಿ ಖಾರದ ಪುಡಿ ತಂದರು.