ಫೋನ್ ಮಾಡಿ ಬರುವ ಕಳ್ಳರು

ಕೇಳುಗರೇ, ನಮಸ್ಕಾರ.

ಕಂಪ್ಯೂಟರ್ ಅಪರಾಧ ಅಂದ ಕೂಡಲೇ ಎಲ್ಲೋ ಕೂತು ಬ್ಯಾಂಕಿಗೆ ಕನ್ನ ಹಾಕುವ ಜಾಣ ಹುಡುಗ ನೆನಪಾಗುತ್ತಾನೆ. ಅಂಥವರೂ ಇದ್ದಾರೆ. ಆದರೆ ನಮ್ಮ ನಿಮ್ಮಂಥವರ ದುಡ್ಡು ಕದಿಯೋಕೆ ಅಷ್ಟು ಜಾಣತನ ಬೇಕಿಲ್ಲ. ಫೋನ್ ಮಾಡಿ, ಹೆದರಿಸಿ, ನಮ್ಮ ಕೈಯಿಂದಲೇ ಹಣ ಹಾಕಿಸಿಕೊಳ್ಳುತ್ತಾರೆ.

‘ಡಿಜಿಟಲ್ ಅರೆಸ್ಟ್’ ನಡೆಯುವುದು ಹೀಗೆ. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ’ ಅಂತ ಕರೆ ಬರುತ್ತದೆ. ಆಮೇಲೆ ವಿಡಿಯೋ ಕಾಲ್. ಅಲ್ಲಿ ಖಾಕಿ ತೊಟ್ಟ ಒಬ್ಬ ‘ಅಧಿಕಾರಿ’. ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ, ಖಾತೆಯಲ್ಲಿರುವ ಹಣವನ್ನು ತನಿಖೆಗೆ ಕಳಿಸಿ, ವಾಪಸ್ ಬರುತ್ತದೆ ಅಂತಾನೆ. ಹೀಗೆ ದಿನಗಟ್ಟಲೆ ಕೂರಿಸಿಟ್ಟದ್ದೂ ಇದೆ. ಚೆನ್ನಾಗಿ ಓದಿದವರು, ನಿವೃತ್ತ ಅಧಿಕಾರಿಗಳು ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. ಹಾಗಾಗಿ ದುಡ್ಡು ಕಳೆದುಕೊಂಡವರನ್ನು ನೋಡಿ ದಯವಿಟ್ಟು ನಗಬೇಡಿ. ಆ ನಾಚಿಕೆಗೇ ಎಷ್ಟೋ ಜನ ದೂರು ಕೊಡದೆ ಸುಮ್ಮನಾಗುತ್ತಾರೆ.

2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೂ ಈ ಮಾತು ಎತ್ತಿದ್ದರು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಯಾರನ್ನೂ ಬಂಧಿಸುವುದಿಲ್ಲ. ‘ಮನೆಯವರಿಗೆ ಹೇಳಬೇಡಿ’ ಅಂತ ಬಾಯಿಬಿಟ್ಟ ಕೂಡಲೇ ಫೋನ್ ಇಟ್ಟು, ಮೊದಲು ಮನೆಯವರಿಗೇ ಹೇಳಿ.

ಇನ್ನು ವಾಟ್ಸಾಪ್ ಲಗ್ನಪತ್ರಿಕೆ. ಎಷ್ಟೋ ಸಲ ಗೊತ್ತಿರುವವರ ನಂಬರಿಂದಲೇ ಬಂದಿರುತ್ತದೆ, ಯಾಕೆಂದರೆ ಅವರ ಫೋನ್ ಆಗಲೇ ಕಳ್ಳರ ಹಿಡಿತದಲ್ಲಿರುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಪತ್ರಿಕೆಯಲ್ಲ, ಒಂದು ಆ್ಯಪ್. ಅದನ್ನು ಹಾಕಿಕೊಂಡು, ಕೇಳಿದ ಅನುಮತಿಗೆಲ್ಲ ಹೂಂ ಅಂದರೆ ನಿಮ್ಮ ಎಸ್ಎಂಎಸ್ ಅವರ ಕೈಸೇರುತ್ತದೆ, ಒಟಿಪಿ ಸಮೇತ. ಟ್ರಾಫಿಕ್ ದಂಡದ ಹೆಸರಲ್ಲೂ ಇದೇ ಆಟ. ಹಳೇ ಸೋಫಾ ಕೊಳ್ಳುತ್ತೇನೆ ಅಂತ ಬಂದವರು ಕ್ಯೂಆರ್ ಕೋಡ್ ಕಳಿಸಿದರೂ ಅಷ್ಟೇ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ದುಡ್ಡು ನಿಮ್ಮಿಂದ ಹೋಗುತ್ತದೆ.

ಒಟಿಪಿ ಯಾರಿಗೂ ಹೇಳದಿದ್ದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ, ಅಲ್ವಾ? 2023ರಲ್ಲಿ ನಮ್ಮ ರಾಜ್ಯದಲ್ಲೇ ಬೇರೆ ಥರದ ದೂರುಗಳು ಬಂದವು. ಸೈಟು, ಜಮೀನು ನೋಂದಣಿಯ ಕಾಗದಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದಿದ್ದರು. ಅದಕ್ಕೆ ಒಟಿಪಿಯೇ ಬೇಕಿಲ್ಲ. ಇದಕ್ಕೊಂದು ಉಪಾಯವಿದೆ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ‘ಬಯೋಮೆಟ್ರಿಕ್ ಲಾಕ್’, ಅಂದರೆ ಬೆರಳಚ್ಚಿಗೆ ಬೀಗ, ಹಾಕಿ. ಬೆರಳಚ್ಚು ಕೊಡಬೇಕಾದ ದಿನ ಬಿಚ್ಚಿದರಾಯಿತು. ಸುಮ್ನೆ ತೆರೆದಿಟ್ಟುಕೊಂಡು ಏನು ಲಾಭ?

ಇಷ್ಟಾದರೂ ದುಡ್ಡು ಹೋಯಿತು ಅನ್ನಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಇಡೀ ದೇಶಕ್ಕಿರುವ ಸಹಾಯವಾಣಿ. ಯಾವ ಬ್ಯಾಂಕು, ಎಷ್ಟು ಹಣ, ಎಷ್ಟು ಹೊತ್ತಿಗೆ, ವಹಿವಾಟಿನ ನಂಬರ್ ಏನು, ಇವನ್ನು ಕೈಯಲ್ಲಿಟ್ಟುಕೊಳ್ಳಿ. ಕದ್ದ ಹಣ ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಅದರಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾರಿ ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ. ಅಷ್ಟರೊಳಗೆ ದೂರು ಮುಟ್ಟಿದರೆ ನಡುದಾರಿಯಲ್ಲೇ ತಡೆಹಿಡಿಯಬಹುದು. ನಾಳೆ ಬ್ಯಾಂಕಿಗೆ ಹೋದರಾಯಿತು ಅಂತ ಕೂತರೆ ಆ ದಾರಿ ಮುಚ್ಚಿಹೋಗುತ್ತದೆ. ಮೆಸೇಜು, ಸ್ಕ್ರೀನ್‌ಶಾಟು ಅಳಿಸಬೇಡಿ. ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಯಲ್ಲಿ ಅವನ್ನು ಕೇಳುತ್ತಾರೆ.

ಹಣ ಹಾರುವ ಆ ಖಾತೆಗಳು ಯಾರವು ಗೊತ್ತಾ? ಎಷ್ಟೋ ಸಲ ಕಾಲೇಜು ಹುಡುಗರವು, ಕೂಲಿಯವರವು. ‘ನಿನ್ನ ಖಾತೆ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀನಿ’ ಅಂತ ಯಾರೋ ಕೇಳಿರುತ್ತಾರೆ, ಇವರು ಕೊಟ್ಟಿರುತ್ತಾರೆ. ಅಸಲಿ ಕಳ್ಳ ಯಾವ ದೇಶದಲ್ಲಿದ್ದಾನೋ, ಪೊಲೀಸರು ಮೊದಲು ಬರುವುದು ಖಾತೆಯಲ್ಲಿರುವ ವಿಳಾಸಕ್ಕೆ. ನಿಮ್ಮ ಮನೆಯಲ್ಲಿ ಅಂಥ ವಯಸ್ಸಿನ ಮಕ್ಕಳಿದ್ದರೆ ಇವತ್ತೇ ಕೇಳಿಬಿಡಿ, ಪಾಸ್‌ಬುಕ್ಕು, ಎಟಿಎಂ ಕಾರ್ಡು, ಖಾತೆಗೆ ಕೊಟ್ಟ ಸಿಮ್ಮು ಈಗ ಯಾರ ಹತ್ತಿರ ಇವೆ ಅಂತ.

ನಮಸ್ಕಾರ.