ಮನೋರೋಗ ಅನುಭವಿಸಿದವರೂ ಸಭೆಯಲ್ಲಿ ಕೂರಲಿ

ಶ್ರೋತೃಗಳಿಗೆ ನಮಸ್ಕಾರ. ಮಾನಸಿಕ ಆರೋಗ್ಯ ಸೇವೆಯ ಸುಧಾರಣೆ ಎಂದರೆ ಕಟ್ಟಡ, ಹಾಸಿಗೆ, ವೈದ್ಯರ ಕೊರತೆ ಎಂದು ನೀವು ಸಾಕಷ್ಟು ಕೇಳಿದ್ದೀರಿ. ನನಗೆ ಹೇಳಲಿರುವುದು ಒಂದೇ ಮಾತು. ಕಾಯಿಲೆಯನ್ನು ಸ್ವತಃ ಅನುಭವಿಸಿದವರು ಮತ್ತು ಅವರನ್ನು ಮನೆಯಲ್ಲಿ ನೋಡಿಕೊಂಡವರು, ಈ ಸೇವೆ ಹೇಗಿರಬೇಕೆಂದು ತೀರ್ಮಾನವಾಗುವ ಸಭೆಯಲ್ಲಿ ಸದಸ್ಯರಾಗಿ ಕುಳಿತಿರಬೇಕು. ಉದ್ಘಾಟನೆಯ ದಿನ ವೇದಿಕೆಗೆ ಕರೆದು, ನಾಲ್ಕು ಮಾತು ಆಡಿಸಿ, ಹಾರ ಹಾಕಿ ಕಳುಹಿಸಿದರೆ ಸಾಲದು.

"ಅವರಿಗೇನು ತಿಳಿಯುತ್ತದೆ?" ಎಂದು ಕೇಳುವವರು ಇಂದಿಗೂ ಇದ್ದಾರೆ. ಅಂಥವರಿಗೆ ನಾನು ಅಮೃತಸರದ ಪ್ರಸಂಗವನ್ನು ಹೇಳದೆ ಬಿಡುವುದಿಲ್ಲ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತಿದ್ದವರು ಡಾ. ವಿದ್ಯಾಸಾಗರ್. ವಾರ್ಡುಗಳಲ್ಲಿ ರೋಗಿಗಳು ಕಿಕ್ಕಿರಿದಿದ್ದರು, ನೋಡಿಕೊಳ್ಳಲು ಸಿಬ್ಬಂದಿ ಇರಲಿಲ್ಲ. ರೋಗಿಯನ್ನು ಒಳಗೆ ಸೇರಿಸಿ ಮನೆಯವರು ಊರಿಗೆ ಮರಳುವುದು, ಎಷ್ಟೋ ಸಲ ಮತ್ತೆ ಅತ್ತ ತಲೆ ಹಾಕದಿರುವುದು ಆ ಕಾಲದ ರೂಢಿಯಾಗಿತ್ತು. ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ತಾಯಿಯೋ ಅಣ್ಣನೋ ಹೆಂಡತಿಯೋ ಅಲ್ಲಿಯೇ ಉಳಿಯುವ ಏರ್ಪಾಡು ಮಾಡಿದರು. ಅವರೆಲ್ಲರ ನಡುವೆ ತಾವೇ ಕುಳಿತು, ಈ ಕಾಯಿಲೆ ಶಾಪವಲ್ಲ, ಇದಕ್ಕೆ ಔಷಧವಿದೆ, ಮನೆಯಲ್ಲಿ ಹೀಗೆ ನೋಡಿಕೊಳ್ಳಬೇಕು ಎಂದು ವಿವರಿಸಿದರು. ಮನೆಯವರು ಹೇಳಿದ್ದನ್ನೂ ಕೇಳಿಸಿಕೊಂಡರು. ಮಗ ಯಾವಾಗ ಕೆರಳುತ್ತಾನೆ, ಏನು ಮಾಡಿದರೆ ಉಣ್ಣುತ್ತಾನೆ ಎಂಬುದು ಯಾವ ವೈದ್ಯರ ಓದಿನಲ್ಲಿದೆ, ಹೇಳಿ? ಅದು ತಾಯಿಗೆ ಗೊತ್ತು. ರೋಗಿಗಳು ಬೇಗ ಗುಣಮುಖರಾಗಿ ಮನೆ ಸೇರತೊಡಗಿದರು, ಕುಟುಂಬಗಳು ಧೈರ್ಯ ಹೊತ್ತು ಊರಿಗೆ ಹೋದವು. ಮುಂದೆ ವೆಲ್ಲೂರಿನಲ್ಲಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದವರೂ ಜೊತೆಗಿರುವ ವಾರ್ಡುಗಳು ಬಂದವು. ಸಿಬ್ಬಂದಿಯಿಲ್ಲದ ಬಡತನದಲ್ಲಿ ಹುಟ್ಟಿದ ಈ ಉಪಾಯ ಎಷ್ಟೋ ತಜ್ಞ ಸಮಿತಿಗಳ ವರದಿಗಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ.

ಈ ಪ್ರಸಂಗ ಹೇಳುವಾಗ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1980ರ ದಶಕದಲ್ಲಿ ಊರಿನ ಹತ್ತಿರದ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಿಸಲು ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಅದರ ಮಾದರಿಯಲ್ಲಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಇವನ್ನು ಹೆಸರಿಸಿ ಮುಂದೆ ಹೋಗುತ್ತೇನೆ.

ಅಮೃತಸರದಲ್ಲಿ ಮನೆಯವರಿಗೆ ಜಾಗ ಸಿಕ್ಕಿದ್ದು ಒಬ್ಬ ವೈದ್ಯರ ದೊಡ್ಡ ಮನಸ್ಸಿನಿಂದ. ಇಂದು ಅದು ಕಾನೂನಿನಲ್ಲಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಈ ಸೇವೆಯ ಮೇಲ್ವಿಚಾರಣೆ ನೋಡುವ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಪರವಾಗಿ ಇಬ್ಬರು, ಆರೈಕೆ ಮಾಡುವವರ ಪರವಾಗಿ ಇಬ್ಬರು ಇರಬೇಕು. ತನ್ನನ್ನು ಆಸ್ಪತ್ರೆಯಿಂದ ಬಿಡುತ್ತಿಲ್ಲ ಎಂದು ರೋಗಿಯೊಬ್ಬರು ದೂರಿದರೆ ಅದನ್ನು ವಿಚಾರಿಸುವುದು ಪುನರ್ವಿಮರ್ಶಾ ಮಂಡಳಿ. ಅದರ ಆರು ಸದಸ್ಯರಲ್ಲಿ ನ್ಯಾಯಾಂಗದವರು, ಜಿಲ್ಲಾಡಳಿತದವರು ಹಾಗೂ ವೈದ್ಯರ ಜೊತೆಗೆ ಇನ್ನೆರಡು ಸ್ಥಾನಗಳಿವೆ. ಅವಕ್ಕೆ ಕಾಯಿಲೆ ಇರುವವರು, ಆರೈಕೆ ಮಾಡುವವರು ಅಥವಾ ಸ್ವಯಂಸೇವಾ ಸಂಸ್ಥೆಯವರು ಬರಬಹುದು. ಈ 'ಅಥವಾ' ನನಗೆ ಸರಿಬರುವುದಿಲ್ಲ. ಎರಡೂ ಸ್ಥಾನಗಳು ಸಂಸ್ಥೆಯವರಿಗೇ ಹೋದರೆ, ಕಾಯಿಲೆ ಅನುಭವಿಸಿದ ಒಬ್ಬರೂ ಇಲ್ಲದೆ ಮಂಡಳಿ ಭರ್ತಿಯಾಗುತ್ತದೆ, ಕಾನೂನು ಸುಮ್ಮನಿರುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಮುಗಿದರೆ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಓಡುವವರು ಯಾರು? ಮಾತ್ರೆಯ ಮಂಪರಿನಲ್ಲಿ ಬೆಳಿಗ್ಗೆ ಏಳಲಾಗದೆ ಕೆಲಸ ಕಳೆದುಕೊಳ್ಳುವವರು ಯಾರು? ಇದನ್ನು ಬಲ್ಲವರು ಸಭೆಯಲ್ಲಿ ಇರಲೇಬೇಕು.

ಆದ್ದರಿಂದ, ಕಾಯಿಲೆಯಿಂದ ಚೇತರಿಸಿಕೊಂಡ ಶ್ರೋತೃಗಳಲ್ಲಿ, ಅವರ ಮನೆಯವರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಜಿಲ್ಲೆಯ ಪುನರ್ವಿಮರ್ಶಾ ಮಂಡಳಿಯಲ್ಲಿ ಆ ಎರಡು ಸ್ಥಾನಗಳಲ್ಲಿ ಯಾರಿದ್ದಾರೆ ಎಂದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಪತ್ರ ಬರೆದು ಕೇಳಿ. ಸ್ಥಾನ ಖಾಲಿಯಿದ್ದರೆ, ನಾನು ಬರಲು ಸಿದ್ಧ ಎಂದು ಅದೇ ಪತ್ರದಲ್ಲಿ ಬರೆಯಿರಿ. ನಮಸ್ಕಾರ.